ಯಾರ ಪೈಕಿ ನೀವು?

ಧಾರವಾಡದ ಸುತ್ತಲಿನ ಯಾವ ಹಳ್ಳಿಗೇ ಹೋಗಲಿ, ಬಸ್ಸಿನಿಂದ ಇಳಿದು ಹನುಮಪ್ಪನ ಗುಡಿಯ ಕಟ್ಟೆಯ ಹತ್ತಿರ ನಿಂತ ಹೊಸಬರಿಗೆ ಮೂರು ಪ್ರಶ್ನೆ ತಪ್ಪುವುದಿಲ್ಲ. ‘ಯಾವೂರ್ರಿ?’ ಎಂಬುದು ಮೊದಲನೆಯದು. ‘ಅಡ್ಡಹೆಸರೇನ್ರಿ?’ ಎಂಬುದು ಎರಡನೆಯದು. ಇವೆರಡರಲ್ಲಿ ಬೇಕಾದದ್ದು ಸಿಗದಿದ್ದರೆ ಮೂರನೆಯದು ಬರುತ್ತದೆ: ‘ಅಂದ್ರ ನೀವು ಯಾರ ಪೈಕಿ?’ ಕೇಳುವವರ ದನಿಯಲ್ಲಿ ಒರಟುತನ ಇರುವುದಿಲ್ಲ. ಚಹಾ ಹೇಳಿ ಕಳಿಸುತ್ತಲೇ ಕೇಳುತ್ತಾರೆ. ಆದರೆ ಆ ಉತ್ತರಗಳ ಮೇಲೆ ಬಂದವರನ್ನು ಪಡಸಾಲೆಯಲ್ಲಿ ಕೂಡ್ರಿಸಬೇಕೋ ಕಟ್ಟೆಯ ಮೇಲೋ, ಯಾವ ಓಣಿ ತೋರಿಸಬೇಕು, ಯಾವ ಓಣಿಯ ಮಾತೇ ಎತ್ತಬಾರದು ಎಂಬುದೆಲ್ಲ ತೀರ್ಮಾನವಾಗಿ ಹೋಗುತ್ತದೆ.

ಕೈಯಲ್ಲಿ ಪ್ರಶ್ನಾವಳಿ ಹಿಡಿದು ಬಂದ ಸಂಶೋಧಕರು ತಾವು ಊರನ್ನು ಅಧ್ಯಯನ ಮಾಡಬೇಕು ಅಂದುಕೊಂಡಿರುತ್ತಾರೆ. ಅಷ್ಟರಲ್ಲಿ ಊರು ಅವರ ಅಧ್ಯಯನ ಮುಗಿಸಿರುತ್ತದೆ.

ಮಾನವಶಾಸ್ತ್ರದಲ್ಲಿ ಹಳೆಯದೊಂದು ಜಗಳವಿದೆ. ಒಂದು ಸಮುದಾಯದ ಬದುಕನ್ನು ಅದರೊಳಗೆ ಹುಟ್ಟಿ ಬೆಳೆದವರು ಬರೆದರೆ ಸರಿಯೋ, ದೂರದಿಂದ ಬಂದು ಹೊಸ ಕಣ್ಣಿನಿಂದ ನೋಡಿದವರು ಬರೆದರೆ ಸರಿಯೋ? ಒಳಗಿನವರಿಗೆ ಭಾಷೆ ಗೊತ್ತು, ಮೌನ ಗೊತ್ತು, ಯಾವ ಮಾತು ತಮಾಷೆ, ಯಾವ ಮಾತು ಬೈಗುಳ ಎಂದು ಗೊತ್ತು. ಹೊರಗಿನವರಿಗೆ ಇದಾವುದೂ ಗೊತ್ತಿಲ್ಲದ ಕಾರಣಕ್ಕೇ ಎಲ್ಲವನ್ನೂ ಕೇಳುತ್ತಾರೆ. ರೂಢಿ ಎಂದು ನಾವು ಬಿಟ್ಟುಬಿಟ್ಟದ್ದು ಅವರ ಕಣ್ಣಿಗೆ ಬೀಳುತ್ತದೆ. ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವುದು ನಮ್ಮ ಕಡೆ ಎಷ್ಟೋ ಮನೆತನಗಳಲ್ಲಿ ವಿವರಣೆ ಬೇಡದ ಸಂಗತಿ. ಉತ್ತರ ಭಾರತದಿಂದ ಬಂದವರೊಬ್ಬರು ‘ಅದು ಹೇಗೆ ಸಾಧ್ಯ?’ ಎಂದು ಬೆಚ್ಚಿದಾಗಲೇ ಅದಕ್ಕೊಂದು ವಿವರಣೆ ಬೇಕು ಅಂತ ಹೊಳೆಯುವುದು.

ಈ ಜಗಳವನ್ನು ಸಿದ್ಧಾಂತದ ಪುಸ್ತಕಗಳಲ್ಲಿ ಹುಡುಕುವುದಕ್ಕಿಂತ ಹುಬ್ಬಳ್ಳಿ-ಧಾರವಾಡದ ಸೀಮೆಯಲ್ಲಿ ಹುಡುಕುವುದು ಮೇಲು. ಏಕೆಂದರೆ ಇಲ್ಲಿಯ ಜನರ ಮೇಲೆ ಬರೆದವರು ಒಬ್ಬಿಬ್ಬರಲ್ಲ. ಬ್ರಿಟಿಷ್ ಅಧಿಕಾರಿಗಳು, ಅಮೆರಿಕದ ಪ್ರೊಫೆಸರರು, ಇಲ್ಲಿಯದೇ ವಿಶ್ವವಿದ್ಯಾಲಯದ ಮೇಷ್ಟ್ರುಗಳು, ಘಾನಾ ಮೂಲದ ವಿದ್ವಾಂಸರು, ಎಲ್ಲರೂ ಬರೆದಿದ್ದಾರೆ. ಆ ಬರವಣಿಗೆಯನ್ನು ಒಟ್ಟಿಗಿಟ್ಟು ನೋಡಿದರೆ ಒಳಗೆ-ಹೊರಗೆ ಎಂಬ ಗೆರೆ ಅಷ್ಟು ನೇರವಾಗಿಲ್ಲ ಎಂಬುದು ಕಾಣುತ್ತದೆ. ಜಗಳ ಇರಬೇಕಾದ ಜಾಗ ಬೇರೆಯೇ ಇದೆ ಎಂಬುದೂ ಕಾಣುತ್ತದೆ.

ಜಾನ್ ಫೇತ್‌ಫುಲ್ ಫ್ಲೀಟ್ ಎಂಬ ಹೆಸರು ಕನ್ನಡ ಶಾಸನಗಳ ಗಂಧವಿರುವ ಎಲ್ಲರಿಗೂ ಗೊತ್ತು. ಮುಂಬಯಿ ಪ್ರಾಂತದ ಆಡಳಿತ ಸೇವೆಯಲ್ಲಿದ್ದ ಈ ಅಧಿಕಾರಿ ಶಾಸನಗಳ ಜೊತೆಗೆ ಈ ಕಡೆಯ ಲಾವಣಿಗಳನ್ನೂ ಬರೆಸಿಕೊಂಡು 1880ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಪ್ರಕಟಿಸಿದರು. ಅವುಗಳಲ್ಲಿ ಸಂಗೊಳ್ಳಿ ರಾಯಣ್ಣನ ಲಾವಣಿ ಇತ್ತು, ಹಲಗಲಿ ಬೇಡರ ಲಾವಣಿ ಇತ್ತು. ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದ್ದು ಕಂಪನಿ ಸರ್ಕಾರ. ಹಲಗಲಿಯ ಬೇಡರು 1857ರಲ್ಲಿ ಹತಾರ ಒಪ್ಪಿಸುವುದಿಲ್ಲ ಎಂದಾಗ ಊರಿಗೆ ಬೆಂಕಿ ಇಟ್ಟದ್ದೂ ಅದೇ ಸರ್ಕಾರದ ದಂಡು. ಆ ಅಧಿಕಾರದ ಉತ್ತರಾಧಿಕಾರಿಯಾದ ಒಬ್ಬ ಸಾಹೇಬ, ತನ್ನವರ ವಿರುದ್ಧ ದಂಗೆ ಎದ್ದವರ ಹಾಡನ್ನು ಕೂತು ಕೇಳಿ, ಅಕ್ಷರಕ್ಕಿಳಿಸಿ, ಅಚ್ಚಿಗೆ ಕೊಟ್ಟ. ಇಂದು ಹಲಗಲಿಯ ಹಾಡು ನಮ್ಮ ಶಾಲೆಯ ಮಕ್ಕಳ ಪಠ್ಯದಲ್ಲಿದೆ. ಅದನ್ನು ಮೊಟ್ಟಮೊದಲು ಕಾಗದಕ್ಕೆ ತಂದವರ ಸಾಲಿನಲ್ಲಿ ಹೊರಗಿನವರಲ್ಲೇ ಅತಿ ಹೊರಗಿನವನೊಬ್ಬ ನಿಂತಿದ್ದಾನೆ. ಅವನ ಋಣ ನಿರಾಕರಿಸುವಂತಿಲ್ಲ.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಸಾಹೇಬರ ಮುಂದೆ ಹಾಡಲು ನಿಂತವನು ತನ್ನ ಊರ ಜಾತ್ರೆಯಲ್ಲಿ ಹಾಡಿದ ಎಲ್ಲ ನುಡಿಗಳನ್ನೂ ಹಾಡಿರಬಹುದೇ? ಯಾವ ಸಾಲು ಬಿಟ್ಟ, ಯಾವ ಶಬ್ದ ಮೆದುಗೊಳಿಸಿದ? ಹಾಡುವವನಿಗೆ ಕೇಳುವವನು ಯಾರ ಪೈಕಿ ಎಂಬುದು ಚೆನ್ನಾಗಿ ಗೊತ್ತಿತ್ತು.

ಅದೇ ಕಾಲದಲ್ಲಿ, 1884ರಲ್ಲಿ, ಮುಂಬಯಿ ಪ್ರಾಂತದ ಗೆಜೆಟಿಯರ್ ಮಾಲೆಯ ಧಾರವಾಡ ಸಂಪುಟ ಹೊರಬಂತು. ಜಿಲ್ಲೆಯ ಒಂದೊಂದು ಜಾತಿಯ ಮೈಕಟ್ಟು, ಊಟ, ಉಡುಗೆ, ಮದುವೆ, ಮಣ್ಣು ಎಲ್ಲದರ ವಿವರ ಅದರಲ್ಲಿದೆ. ಇವತ್ತಿಗೂ ಸಂಶೋಧಕರು ಅದನ್ನು ಬಿಡುವಂತಿಲ್ಲ. ಅದರ ಜೊತೆಗೆ ಒಂದೊಂದು ಜಾತಿಯ ‘ಸ್ವಭಾವ’ವೂ ಇದೆ: ಇವರು ದುಡಿಯುವವರು, ಇವರು ಸೋಮಾರಿಗಳು, ಇವರು ಸ್ವಚ್ಛ, ಇವರು ಕೊಳಕು. ಓದುವಾಗ ಸಿಟ್ಟು ಬರುವುದು ಸಹಜ. ಆ ಸಾಲುಗಳು ಬರೀ ಇಂಗ್ಲಿಷರ ತಲೆಯಿಂದ ಹುಟ್ಟಿದವು ಎನ್ನಲೂ ಆಗದು. ಸಾಹೇಬರಿಗೆ ಮಾಹಿತಿ ಒದಗಿಸುತ್ತಿದ್ದವರು ಇಲ್ಲಿಯವರೇ; ಕಚೇರಿಯಲ್ಲಿ ಓದುಬರಹ ಬಲ್ಲ, ಹೆಚ್ಚಾಗಿ ಮೇಲುಜಾತಿಯ ನೌಕರರು. ಊರಿಗೆ ಒಳಗಿನವರಾಗಿದ್ದ ಅವರು ಹೊಲೆಗೇರಿಗೂ ಕೊರವರ ಗುಡಿಸಲಿಗೂ ಸಾಹೇಬರಷ್ಟೇ ಹೊರಗಿನವರು.

ಇಂಥ ‘ಸ್ವಭಾವ’ದ ಬರವಣಿಗೆ ಕಪಾಟಿನಲ್ಲಿ ಸುಮ್ಮನೆ ಕೂಡಲಿಲ್ಲ. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆ ಕೆಲವು ಸಮುದಾಯಗಳನ್ನು ಹುಟ್ಟಿನಿಂದಲೇ ಕಳ್ಳರೆಂದು ಪಟ್ಟಿಮಾಡಿತು. 1911ರಲ್ಲಿ ಅದು ಇನ್ನಷ್ಟು ಬಿಗಿಯಾಯಿತು. ಮುಂಬಯಿ ಪ್ರಾಂತದಲ್ಲಿ ಓ.ಎಚ್.ಬಿ. ಸ್ಟಾರ್ಟ್ ಎಂಬ ಅಧಿಕಾರಿಯ ಉಸ್ತುವಾರಿಯಲ್ಲಿ ವಿಜಯಪುರ, ಗದಗ, ಹುಬ್ಬಳ್ಳಿಯಂಥ ಕಡೆ ವಸಾಹತುಗಳಾದವು. ಹುಬ್ಬಳ್ಳಿಯಲ್ಲಿ ಇಂದಿಗೂ ‘ಸೆಟ್ಲಮೆಂಟ್’ ಎಂಬ ಹೆಸರು ಜನರ ಬಾಯಲ್ಲಿದೆ. ಗಂಟಿಚೋರರು, ಛಪ್ಪರಬಂದರು, ಕೊರವರು ತಂತಿಬೇಲಿಯೊಳಗೆ ಹಾಜರಿ ಕೊಟ್ಟು ಬದುಕಿದ ಕಾಲದ ಗುರುತು ಆ ಒಂದು ಇಂಗ್ಲಿಷ್ ಶಬ್ದದಲ್ಲಿ ಅಂಟಿಕೊಂಡಿದೆ. 1952ರಲ್ಲಿ ದೇಶಾದ್ಯಂತ ಕಾಯಿದೆ ರದ್ದಾಯಿತು, ಅವರು ‘ವಿಮುಕ್ತ’ರಾದರು. ಗಂಟಿಚೋರ ಎಂಬ ಹೆಸರಿನೊಳಗಿನ ‘ಚೋರ’ ಮಾತ್ರ ಹಾಗೇ ಉಳಿಯಿತು. ಇನ್ನೊಬ್ಬರ ಬಗ್ಗೆ ಬರೆಯುವಾಗ ಒಂದು ವಿಶೇಷಣಕ್ಕೆ ಎಷ್ಟು ತೂಕವಿರುತ್ತದೆ ಎಂದು ಕೇಳುವವರನ್ನು ಸೆಟ್ಲಮೆಂಟಿನ ಓಣಿಗಳಲ್ಲಿ ಒಮ್ಮೆ ಕರೆದುಕೊಂಡು ಹೋಗಬೇಕು.

ಸ್ವಾತಂತ್ರ್ಯ ಬಂದ ಮೇಲೆ ಚಿತ್ರ ಬದಲಾಯಿತು. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟಿತು, ಬೇಗನೆ ಧಾರವಾಡದಲ್ಲಿ ನೆಲೆಗೊಂಡಿತು. ಇಲ್ಲಿ ಪಾಠ ಮಾಡಿ, ಮುಂದೆ ಕೆನಡಾದ ಯಾರ್ಕ್ ವಿಶ್ವವಿದ್ಯಾಲಯಕ್ಕೆ ಹೋದ ಕೆ. ಈಶ್ವರನ್ ಧಾರವಾಡ ಸೀಮೆಯ ಒಂದು ಹಳ್ಳಿಯನ್ನು ಆರಿಸಿಕೊಂಡು ಅದಕ್ಕೆ ‘ಶಿವಾಪುರ’ ಎಂದು ಹೆಸರಿಟ್ಟರು. ಅದರ ಮೇಲಿನ ಅವರ ಎರಡು ಪುಸ್ತಕಗಳು 1966 ಮತ್ತು 1968ರಲ್ಲಿ ಬಂದವು. ಹಳ್ಳಿಯ ನಿಜವಾದ ಹೆಸರು ಮರೆಮಾಡುವುದು ಆ ಕಾಲದ ಪದ್ಧತಿ: ಎಂ.ಎನ್. ಶ್ರೀನಿವಾಸರ ರಾಮಪುರ, ಅಲನ್ ಬೀಲ್ಸ್ ಅವರ ಗೋಪಾಲಪುರ, ಸ್ಕಾರ್ಲೆಟ್ ಎಪ್‌ಸ್ಟೈನ್ ಅವರ ವಂಗಲ ಮತ್ತು ದಲೇನ, ಎಲ್ಲವೂ ಕಟ್ಟಿದ ಹೆಸರುಗಳೇ. ವಿಚಿತ್ರವೆಂದರೆ ಕನ್ನಡ ಸಾಹಿತ್ಯದಲ್ಲಿ ಇನ್ನೊಂದು ಶಿವಾಪುರ ಇದೆ. ಇದೇ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮಾಡಿದ, ಘೋಡಗೇರಿಯ ಚಂದ್ರಶೇಖರ ಕಂಬಾರರು ಕಟ್ಟಿದ ಶಿವಾಪುರ. ಕವಿಯ ಶಿವಾಪುರವನ್ನು ಕನ್ನಡಿಗರು ಓದಿದರು, ರಂಗದ ಮೇಲೆ ನೋಡಿದರು, ತಮ್ಮದೇ ಊರು ಎಂದುಕೊಂಡರು. ವಿದ್ವಾಂಸರ ಶಿವಾಪುರ ಲಂಡನ್ನಿನಲ್ಲಿ ಅಚ್ಚಾಗಿ ಗ್ರಂಥಾಲಯಗಳ ಕಪಾಟು ಸೇರಿತು.

ಈಶ್ವರನ್ ಅವರ ಕೆಲಸದಲ್ಲಿ ಒಳಗಿನ ಕಣ್ಣು ಎಲ್ಲಿ ಕೈಹಿಡಿಯಿತು ಎಂಬುದಕ್ಕೆ ಒಂದೇ ಶಬ್ದ ಸಾಕು: ಆಯ. ಸುಗ್ಗಿಯ ಕಾಲಕ್ಕೆ ಬಡಿಗೇರ, ಕಮ್ಮಾರ, ಕುಂಬಾರ, ಅಗಸರು ಕಣಕ್ಕೆ ಬಂದು ತಮ್ಮ ಪಾಲಿನ ಕಾಳು ಒಯ್ಯುವುದು, ವರ್ಷವಿಡೀ ರೈತನ ಕೂರಿಗೆ, ಕುಡ, ಗಡಿಗೆ, ಬಟ್ಟೆಯ ಕೆಲಸ ನೋಡಿಕೊಳ್ಳುವುದು. ಇದನ್ನು ಉತ್ತರ ಕರ್ನಾಟಕ ಆಯ ಎಂದು ಕರೆಯಿತು. ಅಮೆರಿಕದ ಪಾದ್ರಿ ವಿಲಿಯಂ ವೈಸರ್ 1936ರಲ್ಲಿ ಉತ್ತರ ಪ್ರದೇಶದ ಒಂದು ಹಳ್ಳಿಯ ಇಂಥದೇ ವ್ಯವಸ್ಥೆಗೆ ‘ಜಜಮಾನಿ’ ಎಂದು ಹೆಸರಿಟ್ಟ ಮೇಲೆ ಇಡೀ ದೇಶದ ಹಳ್ಳಿಗಳಿಗೆ ಅದೇ ಶಬ್ದ ಹಚ್ಚುವ ಚಾಳಿ ಬೆಳೆದಿತ್ತು. ಜಜಮಾನಿ ಎಂದರೆ ಯಜಮಾನ ನಡುವೆ ಕೂತಿರುತ್ತಾನೆ, ಉಳಿದವರು ಅವನ ಸುತ್ತ. ಆಯ ಎಂದರೆ ಅದು ಆಯಗಾರನ ಹಕ್ಕಿನ ಪಾಲು. ಅವನು ಕಣಕ್ಕೆ ಬಂದು ನಿಂತರೆ ಕೊಡದೆ ಇರಲು ಬರುವುದಿಲ್ಲ. ಶಬ್ದ ಬದಲಾದರೆ ಸಂಬಂಧದ ಬಣ್ಣವೇ ಬದಲಾಗುತ್ತದೆ. ಊರವರು ಆಡುವ ಮಾತನ್ನೇ ಮುಂದಿಟ್ಟುಕೊಂಡು ಬರೆದದ್ದರಿಂದ ಆ ಬಣ್ಣ ಪುಸ್ತಕದಲ್ಲಿ ಉಳಿಯಿತು.

ಇನ್ನೊಂದು ಕಡೆ ತೂಗಿ ನೋಡಬೇಕಾದ ಉದಾಹರಣೆಯೂ ಧಾರವಾಡದ್ದೇ. ಲಿಂಗಾಯತರ ಬಗ್ಗೆ ಕೆಲಸ ಮಾಡಿದ ಅಮೆರಿಕದ ವಿಲಿಯಂ ಮೆಕಾರ್ಮಾಕ್ 1960ರಲ್ಲಿ ಧಾರವಾಡ ಕನ್ನಡದ ಸಾಮಾಜಿಕ ಉಪಭಾಷೆಗಳ ಬಗ್ಗೆ ಒಂದು ಲೇಖನ ಪ್ರಕಟಿಸಿದರು. ಒಂದೇ ಊರಿನ ಕನ್ನಡ ಬ್ರಾಹ್ಮಣರ ಬಾಯಲ್ಲಿ ಒಂದು ಬಗೆ, ಬ್ರಾಹ್ಮಣೇತರರ ಬಾಯಲ್ಲಿ ಇನ್ನೊಂದು ಬಗೆ, ಹರಿಜನರ ಬಾಯಲ್ಲಿ ಮತ್ತೊಂದು ಬಗೆ ಎಂದು ತೋರಿಸಿದರು. ‘ಇದರಾಗ ಹೊಸಾದೇನೈತಿ?’ ಎಂದು ಧಾರವಾಡದವರು ಕೇಳಬಹುದು. ಹೌದು, ಇಲ್ಲಿ ಹುಟ್ಟಿದ ಪ್ರತಿಯೊಬ್ಬರ ಕಿವಿಗೂ ಅದು ಗೊತ್ತು. ಎರಡು ಮಾತು ಕೇಳಿದರೆ ಸಾಕು, ಮನಸ್ಸಿನೊಳಗೆ ‘ಯಾರ ಪೈಕಿ’ ಎಂಬುದು ದಾಖಲಾಗುತ್ತದೆ, ನಮ್ಮ ಮಾತಿನ ಧಾಟಿಯೂ ತಾನಾಗಿ ಬದಲಾಗುತ್ತದೆ. ಅಷ್ಟು ಗೊತ್ತಿದ್ದ ಕಾರಣಕ್ಕೇ ಅದನ್ನು ಬರೆದಿಡುವ ಅಗತ್ಯ ಕಾಣಲಿಲ್ಲ. ಬಹುಶಃ ಬರೆಯುವ ಮನಸ್ಸೂ ಇರಲಿಲ್ಲ. ನಾಲಿಗೆಯ ತುದಿಯಲ್ಲೇ ಜಾತಿ ಕೂತಿದೆ ಎಂಬುದನ್ನು ಒಪ್ಪಿಕೊಳ್ಳುವುದು ಒಳಗಿನವರಿಗೆ ಕಷ್ಟದ ಕೆಲಸ.

ಒಳಗಿನವರ ಈ ಕುರುಡನ್ನು ಪ್ರಾಮಾಣಿಕವಾಗಿ ಬರೆದವರು ಮೈಸೂರಿನ ಶ್ರೀನಿವಾಸರು. 1948ರಲ್ಲಿ ಅವರು ರಾಮಪುರಕ್ಕೆ ಹೋದಾಗ ಅದು ತಮ್ಮ ಪೂರ್ವಿಕರ ಸೀಮೆ, ತಾವು ಬಲ್ಲ ಭಾಷೆ. ಆದರೆ ಊರು ಅವರನ್ನು ಆಕ್ಸ್‌ಫರ್ಡಿನ ಸಂಶೋಧಕ ಎಂದು ಬರಮಾಡಿಕೊಳ್ಳಲಿಲ್ಲ. ಜಮೀನುದಾರ ಮನೆತನದ ಬ್ರಾಹ್ಮಣ ಎಂದು ಬರಮಾಡಿಕೊಂಡಿತು. ಬ್ರಾಹ್ಮಣರಂತೆ ಇರಬೇಕೆಂದು ಬಯಸಿತು. ಹರಿಜನರ ಕೇರಿಯೊಂದಿಗಾಗಲಿ ಮುಸಲ್ಮಾನರ ಮನೆಗಳೊಂದಿಗಾಗಲಿ ಅವರಿಗೆ ಪಟೇಲರ ಮನೆಯೊಂದಿಗಿದ್ದ ಸಲಿಗೆ ಬೆಳೆಯಲಿಲ್ಲ. 1970ರ ಏಪ್ರಿಲ್‌ನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಅವರ ಟಿಪ್ಪಣಿಗಳು ಕಿಡಿಗೇಡಿಗಳು ಹಚ್ಚಿದ ಬೆಂಕಿಗೆ ಬಲಿಯಾದವು. ಆಮೇಲೆ ಅವರು ನೆನಪಿನಿಂದಲೇ ಬರೆದ ಪುಸ್ತಕ 1976ರಲ್ಲಿ ಬಂತು, ಜಗತ್ತಿನಾದ್ಯಂತ ಓದುಗರನ್ನು ಗಳಿಸಿತು. ತಾವು ಕಂಡದ್ದು ಮೇಲುಜಾತಿಯ ಹಿಂದೂವೊಬ್ಬನಿಗೆ ಕಂಡ ರಾಮಪುರ ಎಂದು ಅವರೇ ಅದರಲ್ಲಿ ಒಪ್ಪಿಕೊಂಡಿದ್ದಾರೆ. ನೆನಪು ತನಗೆ ಸಲಿಗೆ ಇದ್ದವರನ್ನೇ ಹೆಚ್ಚು ಉಳಿಸಿಕೊಳ್ಳುತ್ತದೆ. ಕೇರಿಯಲ್ಲಿ ಹುಟ್ಟಿದವರೊಬ್ಬರು ಅದೇ ವರ್ಷ ಅದೇ ಊರಿನ ನೆನಪು ಬರೆದಿದ್ದರೆ ಅದು ಬೇರೆಯೇ ಊರಾಗಿರುತ್ತಿತ್ತು.

ಇಷ್ಟಾದ ಮೇಲೂ ಒಳಗಿನವರು ಎಂದರೆ ಯಾರು ಎಂದು ಖಚಿತವಾಗಿ ಹೇಳಬಲ್ಲೆವು ಅನ್ನುವವರು ಸಿದ್ದಿಗಳ ಕಡೆ ನೋಡಬೇಕು. ಪೋರ್ಚುಗೀಸರು ಗೋವೆಗೆ ಗುಲಾಮರಾಗಿ ತಂದ ಆಫ್ರಿಕನ್ನರ ಸಂತತಿ ಹಳಿಯಾಳ, ಯಲ್ಲಾಪುರ, ಮುಂಡಗೋಡ, ಅಂಕೋಲೆಯ ಕಾಡಂಚಿನಲ್ಲಿ, ನಮ್ಮದೇ ಕಲಘಟಗಿ ತಾಲೂಕಿನಲ್ಲಿ, ಖಾನಾಪುರದಲ್ಲಿ ನೆಲೆನಿಂತಿದೆ. ಅವರಲ್ಲಿ ಹಿಂದೂಗಳಿದ್ದಾರೆ, ಮುಸಲ್ಮಾನರಿದ್ದಾರೆ, ಕ್ರೈಸ್ತರಿದ್ದಾರೆ. ಕರ್ನಾಟಕ ವಿಶ್ವವಿದ್ಯಾಲಯದ ಟಿ.ಸಿ. ಪಾಲಾಕ್ಷಪ್ಪನವರು ಅವರ ಬಗ್ಗೆ ಬರೆದ ಪುಸ್ತಕ 1976ರಲ್ಲಿ ಪ್ರಕಟವಾಯಿತು. ಮೂವತ್ತು ವರ್ಷ ಕಳೆದ ಮೇಲೆ, 2007ರಲ್ಲಿ, ಇನ್ನೊಂದು ಪುಸ್ತಕ ಬಂತು. ಬರೆದವರು ಘಾನಾ ಮೂಲದ ಪಾಶಿಂಗ್ಟನ್ ಓಬೆಂಗ್.

ಈ ಇಬ್ಬರಲ್ಲಿ ಸಿದ್ದಿಗಳಿಗೆ ಒಳಗಿನವರು ಯಾರು? ಕನ್ನಡದ ವಿಷಯ ಬಂದರೆ ಧಾರವಾಡದ ಮೇಷ್ಟ್ರು. ಸಿದ್ದಿ ಹುಡುಗನೊಬ್ಬ ಹುಬ್ಬಳ್ಳಿಯ ಬಸ್‌ಸ್ಟ್ಯಾಂಡಿನಲ್ಲಿ ನಿಂತಾಗ ಅಪ್ಪಟ ಕನ್ನಡದಲ್ಲಿ ಟಿಕೀಟು ಕೇಳಿದರೂ ‘ಯಾವ ದೇಶದಾಂವ?’ ಎಂದು ಕೇಳಿಸಿಕೊಳ್ಳುವ ವಿಷಯ ಬಂದರೆ ಓಬೆಂಗ್. ಮೈಬಣ್ಣ ಒಬ್ಬರನ್ನು ಒಳಗೆ ಕರೆಯುತ್ತದೆ, ಮಾತು ಇನ್ನೊಬ್ಬರನ್ನು. ನಾಶಿಕದಲ್ಲೂ ಕಾಂಗ್ರಾದಲ್ಲೂ ಕ್ಷೇತ್ರಕಾರ್ಯ ಮಾಡಿದ, ತಂದೆ ಭಾರತೀಯರೂ ತಾಯಿ ಅಮೆರಿಕನ್ನರೂ ಆದ ಕಿರಿನ್ ನಾರಾಯಣ್ 1993ರ ತಮ್ಮ ಲೇಖನದ ತಲೆಬರಹದಲ್ಲೇ ಕೇಳಿದ್ದರು: ‘ಸ್ಥಳೀಯ’ ಎನಿಸಿಕೊಂಡ ಮಾನವಶಾಸ್ತ್ರಜ್ಞ ನಿಜಕ್ಕೂ ಎಷ್ಟು ಸ್ಥಳೀಯ? ಕ್ಷಣಕ್ಷಣಕ್ಕೂ ಬದಲಾಗುವ ಸಂಬಂಧಕ್ಕೆ ಕಾಯಂ ಚೀಟಿ ಅಂಟಿಸಬೇಡಿ ಎಂಬುದು ಅವರ ವಾದ. ಹೊರಗಿನವರಲ್ಲಿ ಇನ್ನೂ ಒಬ್ಬರನ್ನು ನೆನೆಯಬೇಕು. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಸಿದ್ದಿ ಹೆಂಗಸರು ಹಳೆಬಟ್ಟೆಯ ತುಂಡು ಜೋಡಿಸಿ ಹೊಲಿಯುವ ಕೌದಿಗಳನ್ನು ಕಲೆಯೆಂದು ಕಂಡರು, ಹೊರದೇಶದವರಿಗೆ ತೋರಿಸಿದರು. ಈ ಸೀಮೆಯ ಪ್ರತಿ ಮನೆಯಲ್ಲೂ ಕೌದಿ ಇದೆ. ಅದನ್ನು ಹೊದ್ದು ಮಲಗಿದವರು ನಾವು. ಬಿಡಿಸಿ ಗೋಡೆಗೆ ತೂಗುಹಾಕಿ ನೋಡಿದವರು ಅವರು.

ಸಿದ್ದಿಗಳ ಬಗ್ಗೆ ಬರೆದದ್ದು ಕೇವಲ ವಿದ್ವತ್ತಿನ ಮಾತಾಗಿ ಉಳಿಯಲಿಲ್ಲ. ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಕಲಘಟಗಿಯ ಸಿದ್ದಿಗಳೂ ಖಾನಾಪುರದ ಸಿದ್ದಿಗಳೂ 2020ರ ವರೆಗೆ ಕಾಯಬೇಕಾಯಿತು. ಅದೇ ಕಾಡು, ಅದೇ ಬಳಗ. ನಡುವೆ ಜಿಲ್ಲೆಯ ಗಡಿ. ಆ ಗಡಿಯ ಈಚೆ ಹುಟ್ಟಿದ ತಪ್ಪಿಗೆ ಒಂದು ಇಡೀ ತಲೆಮಾರಿನ ಶಾಲೆ, ನೌಕರಿಯ ಅವಕಾಶ ಹೋಯಿತು. ಅದೇ 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಸಿದ್ದಿಗಳ ಮಾತು ವಿದ್ವಾಂಸರ ಪುಸ್ತಕದ ದಾರಿ ಹಿಡಿಯದೆ ನೇರವಾಗಿ ಸದನ ಮುಟ್ಟಿದ್ದು ಆಗಲೇ.

ಕರ್ನಾಟಕದಲ್ಲಿ ಇಂದು ‘ಕುಲಶಾಸ್ತ್ರೀಯ ಅಧ್ಯಯನ’ ಎಂಬ ಶಬ್ದ ಪತ್ರಿಕೆಯ ಮುಖಪುಟದ ಶಬ್ದವಾಗಿದೆ. ಪರಿಶಿಷ್ಟ ಪಂಗಡಕ್ಕೆ ಸೇರಿಸಿ ಎಂಬ ಕುರುಬರ ಬೇಡಿಕೆ ಇರಲಿ, ಕಾಡುಗೊಲ್ಲರ ಬೇಡಿಕೆ ಇರಲಿ, ಸರ್ಕಾರ ಮೊದಲು ಕೇಳುವುದು ಅದನ್ನೇ. ಕುಲದೇವರು, ಬೆಡಗು, ಹಟ್ಟಿಯ ಕಟ್ಟಳೆ ಎಲ್ಲವೂ ಮೀಸಲಾತಿಯ ಕಡತದೊಳಗೆ ಸಾಕ್ಷಿಯಾಗುತ್ತವೆ. ಇಂಥ ಕಡೆ ಒಳಗಿನವರಿಗೆ ತಮ್ಮ ಸಮುದಾಯದ ಹಿತ ಇರುತ್ತದೆ. ಹೊರಗಿನವರಿಗೆ ತಮ್ಮ ಪೂರ್ವಗ್ರಹ ಇರುತ್ತದೆ. ಎರಡನ್ನೂ ಬಚ್ಚಿಡದೆ ವರದಿಯ ಮೊದಲ ಪುಟದಲ್ಲೇ ಹೇಳುವುದು ಒಂದೇ ದಾರಿ.

ಧಾರವಾಡದಿಂದ ಒಂದು ತಾಸಿನ ಹಾದಿ ಸವದತ್ತಿ ಎಲ್ಲಮ್ಮನ ಗುಡ್ಡ. ಮಾನವಶಾಸ್ತ್ರಜ್ಞರು ಪದೇ ಪದೇ ಹತ್ತಿದ ಗುಡ್ಡ ಅದು. ಬ್ರಿಟನ್ನಿನ ನಿಕೋಲಸ್ ಬ್ರ್ಯಾಡ್‌ಫರ್ಡ್ 1983ರಲ್ಲಿ ಎಲ್ಲಮ್ಮನಿಗೆ ಮುಡಿಪಾದ ಜೋಗಪ್ಪಗಳ ಬಗ್ಗೆ ಬರೆದರು. ಅಮೆರಿಕದ ಲೂಸಿಂಡಾ ರ್‍ಯಾಮ್‌ಬರ್ಗ್ ಜೋಗತಿಯರ ಬಗ್ಗೆ ಬರೆದ ಪುಸ್ತಕ 2014ರಲ್ಲಿ ಬಂತು. ರಾಜ್ಯ 1982ರಲ್ಲೇ ದೇವದಾಸಿ ಪದ್ಧತಿಯನ್ನು ಕಾನೂನಿನಿಂದ ನಿಷೇಧಿಸಿತ್ತು. ಸುಧಾರಕರು ಜೋಗತಿಯರ ಜಡೆ ಕತ್ತರಿಸಿದರು. ದೇವಿ ಜಡೆಯಲ್ಲಿ ಬಂದಿದ್ದಾಳೆ ಎಂಬುದು ಅವರಿಗೆ ಬರೀ ಕೊಳೆ ಮತ್ತು ಮೂಢನಂಬಿಕೆ. ರ್‍ಯಾಮ್‌ಬರ್ಗ್ ಹೊರಗಿನಿಂದ ಬಂದು ಆ ಹೆಂಗಸರು ಹೇಳುವುದನ್ನು ಹೇಳಿದ ಹಾಗೇ ತೆಗೆದುಕೊಂಡರು: ನಮ್ಮ ಮದುವೆ ದೇವಿಯ ಜೊತೆ ಆಗಿದೆ, ನಾವು ತವರು ಬಿಟ್ಟು ಹೋಗುವುದಿಲ್ಲ, ಮನೆತನವನ್ನು ಮಗನಂತೆ ನಡೆಸುತ್ತೇವೆ. ಇದೂ ಒಂದು ಬಗೆಯ ಬಂಧುತ್ವ ಎಂದು ಅವರು ವಾದಿಸಿದರು. ಇದೇ ನಾಡಿನ ಓದುಬಲ್ಲವರು ಜೋಗತಿಯರ ಬಾಯಿಂದ ಇಷ್ಟನ್ನು ಕೂತು ಕೇಳಿಸಿಕೊಂಡದ್ದು ಕಡಿಮೆ ಎಂಬುದನ್ನು ಒಪ್ಪಬೇಕು.

ಆದರೆ ಅಲ್ಲಿಗೇ ನಿಂತರೆ ಅರ್ಧ ಸತ್ಯ. ಬೆಳಗಾವಿ ಜಿಲ್ಲೆಯ ಸೀತವ್ವ ಜೋಡಟ್ಟಿ ಬಾಲ್ಯದಲ್ಲೇ ದೇವರಿಗೆ ಬಿಡಲ್ಪಟ್ಟವರು. ದೊಡ್ಡವರಾಗಿ ಮಾಜಿ ದೇವದಾಸಿಯರ ಸಂಸ್ಥೆ ‘ಮಾಸ್’ ಕಟ್ಟುವುದರಲ್ಲಿ ನಿಂತರು, ಹೊಸ ಹುಡುಗಿಯರ ಕೊರಳಿಗೆ ಮುತ್ತು ಕಟ್ಟುವುದನ್ನು ತಡೆಯಲು ಹೋರಾಡಿದರು, 2018ರಲ್ಲಿ ಪದ್ಮಶ್ರೀ ಪಡೆದರು. ಅವರಿಗಿಂತ ಒಳಗಿನವರು ಯಾರಿದ್ದಾರೆ? ಮಂಜಮ್ಮ ಜೋಗತಿಯೂ ಒಳಗಿನವರೇ. ಅದೇ ಎಲ್ಲಮ್ಮನ ಪರಂಪರೆಯ ಹಾಡು ಕುಣಿತದಿಂದ ಮಾನ ಗಳಿಸಿ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಒಬ್ಬರು ಕಟ್ಟಿದ ಮುತ್ತನ್ನು ಬಿಚ್ಚಲು ಬದುಕು ಕೊಟ್ಟರು, ಇನ್ನೊಬ್ಬರು ಎಲ್ಲಮ್ಮನ ಕೊಡ ತಲೆಯ ಮೇಲೆ ಹೊತ್ತು ರಾಷ್ಟ್ರಪತಿ ಭವನದ ವರೆಗೆ ಹೆಸರು ಒಯ್ದರು. ‘ಒಳಗಿನವರ ಅಭಿಪ್ರಾಯ’ ಎಂದು ಒಂದನ್ನೇ ಎತ್ತಿ ತೋರಿಸುವವರು ಇವರಿಬ್ಬರಲ್ಲಿ ಯಾರನ್ನು ಬಿಡುತ್ತಾರೆ?

ನಿಜ ಹೇಳಬೇಕೆಂದರೆ ಒಳಗೂ ಹೊರಗೂ ಒಟ್ಟಿಗೇ ಇರುವುದನ್ನು ನಮ್ಮ ಹಳ್ಳಿಗಳಲ್ಲಿ ಎಲ್ಲರಿಗಿಂತ ಮೊದಲು ಕಲಿತವಳು ಸೊಸೆ. ಯಾವ ಊರಿನಲ್ಲೇ ಆಗಲಿ ಲಗ್ನವಾದ ಹೆಂಗಸರಲ್ಲಿ ಹೆಚ್ಚಿನವರು ಇನ್ನೊಂದು ಊರಿನಿಂದ ಬಂದವರು. ಹೊಸ ಸೊಸೆ ಮೊದಲ ವರ್ಷ ಮಾತಾಡುವುದು ಕಡಿಮೆ, ನೋಡುವುದು ಹೆಚ್ಚು. ಇಲ್ಲಿ ಯಾರು ಮೊದಲು ಉಣ್ಣುತ್ತಾರೆ, ಭಾವ ಬಂದಾಗ ಸೆರಗು ಎಲ್ಲಿಗೆ ಬರಬೇಕು, ತವರಿನಲ್ಲಿ ಆಡುತ್ತಿದ್ದ ಯಾವ ಶಬ್ದ ಇಲ್ಲಿ ನಗೆಪಾಟಲು, ಯಾವ ಓಣಿಯ ಹೆಂಗಸರ ಜೊತೆ ನೀರಿಗೆ ಹೋಗಬಾರದು. ಪ್ರಶ್ನಾವಳಿ ಇಲ್ಲದೆ ಕಲಿಯುತ್ತಾಳೆ. ಪಂಚಮಿಗೆ ತವರಿಗೆ ಮರಳಿದಾಗ ಹುಟ್ಟಿದ ಮನೆಯೇ ಬೇರೆಯಾಗಿ ಕಾಣುತ್ತದೆ. ಶ್ರೀನಿವಾಸರು ಮಾನವಶಾಸ್ತ್ರಜ್ಞನಿಗೆ ಮೂರು ಹುಟ್ಟು ಎನ್ನುತ್ತಿದ್ದರು: ತನ್ನ ಸಮಾಜದಲ್ಲಿ ಹುಟ್ಟುವುದು, ಇನ್ನೊಂದು ಸಮಾಜ ಕಲಿತು ಹುಟ್ಟುವುದು, ಆ ಕಣ್ಣಿನಿಂದ ತನ್ನದನ್ನೇ ನೋಡಿ ಮತ್ತೆ ಹುಟ್ಟುವುದು. ನಮ್ಮ ಅವ್ವ, ಅಜ್ಜಿಯರು ಆ ಮೂರನ್ನೂ ಯಾವ ಪದವಿಯೂ ಇಲ್ಲದೆ ದಾಟಿದ್ದಾರೆ.

ಅವರ ಟಿಪ್ಪಣಿ ಪುಸ್ತಕ ಬೀಸುಕಲ್ಲು. ನಸುಕಿನಲ್ಲಿ ಜೋಳ ಬೀಸುತ್ತ ಹಾಡಿದ ತ್ರಿಪದಿಗಳಲ್ಲಿ ಅತ್ತೆಮನೆಯ ವರದಿಯೂ ಇದೆ, ತವರಿನ ವರದಿಯೂ ಇದೆ. ಅವುಗಳನ್ನು ಹಲಸಂಗಿಯ ಗೆಳೆಯರು, ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಸಂಗ್ರಹಿಸಿ 1931ರಲ್ಲಿ ‘ಗರತಿಯ ಹಾಡು’ ಎಂದು ಹೊರತಂದರು. ಅದೇ ಸೀಮೆಯವರು, ಅಂಥವೇ ಮನೆಗಳ ಅಣ್ಣತಮ್ಮಂದಿರು. ಅಷ್ಟಾದರೂ ಬೀಸುವ ಕೋಣೆಗೆ ಗಂಡಸರು ಹೊರಗಿನವರು. ಹಾಡಿದವರ ಹೆಸರು ಪುಸ್ತಕದ ಮೇಲೆ ಬರಲಿಲ್ಲ. ಸಂಗ್ರಹಿಸಿದವರ ಮೇಲೆ ಇದನ್ನು ತಪ್ಪೆಂದು ಹೊರಿಸುವುದು ಅನ್ಯಾಯ, ಆ ಕಾಲದ ರೂಢಿಯೇ ಹಾಗಿತ್ತು. ಆದರೆ ಇಂದು ಮೊಬೈಲಿನಲ್ಲಿ ಹಾಡು ದಾಖಲಿಸಿಕೊಂಡು ಹೋಗುವ ವಿದ್ಯಾರ್ಥಿಗೆ ಆ ನೆಪವಿಲ್ಲ.

ಭಾಷೆಯೊಳಗೇ ಹೊರಗಿನವರಾಗುವುದೂ ಉಂಟು. ಬೆಂಗಳೂರು, ಮೈಸೂರಿನಿಂದ ವಿಜಯಪುರದ ಹಳ್ಳಿಗೆ ಬಂದ ಕನ್ನಡಿಗರು ಚಕ್ಕಡಿ, ಕಟಗಿಯಂಥ ಶಬ್ದಗಳನ್ನೆಲ್ಲ ಹೊಸದಾಗಿ ಕಲಿಯಬೇಕು. ಎ.ಆರ್. ವಾಸವಿ ಬರದ ನಾಡಾದ ವಿಜಯಪುರದಲ್ಲಿ ಕ್ಷೇತ್ರಕಾರ್ಯ ಮಾಡಿ 1994ರಲ್ಲಿ ಒಂದು ಲೇಖನ, 1999ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ರೈತರು ಬೀಜದ ಬಗ್ಗೆ ಆಡುವ ‘ಜವಾರಿ’ ಮತ್ತು ‘ಹೈಬ್ರಿಡ್’ ಎಂಬ ಎರಡು ಶಬ್ದಗಳನ್ನು ಜನ ಮನುಷ್ಯರಿಗೂ, ಕಾಲಕ್ಕೂ ಹಚ್ಚುವುದನ್ನು ಅವರು ಗಮನಿಸಿದರು. ಹೈಬ್ರಿಡ್ ಜೋಳ ಉಂಡು ಬೆಳೆದವರು ಹೈಬ್ರಿಡ್ ಮಂದಿ. ನೋಡಲು ದಪ್ಪ, ಕಸುವು ಇಲ್ಲ, ರೋಗ ಬೇಗ ಹತ್ತುತ್ತದೆ, ನಂಬಿಕೆಗೂ ಅಷ್ಟಕ್ಕಷ್ಟೆ. ಹುಬ್ಬಳ್ಳಿಯ ಸಂತೆಯಲ್ಲಿ ಜವಾರಿ ಕೋಳಿ, ಜವಾರಿ ಟೊಮ್ಯಾಟೊ ಎಂದು ದಿನಾ ಕೂಗುವುದನ್ನು ಕೇಳುವ ನಮಗೆ ಅದು ವ್ಯಾಪಾರದ ಮಾತು. ರಾಜ್ಯದ ಇನ್ನೊಂದು ಮೂಲೆಯ ಕಿವಿಗೆ ಅದರೊಳಗೆ ಹಸಿರು ಕ್ರಾಂತಿಯ ಮೇಲೆ ರೈತರು ಮಾಡಿದ ಇಡೀ ವಿಮರ್ಶೆ ಕೇಳಿಸಿತು.

ಇಷ್ಟೆಲ್ಲ ಪುಸ್ತಕಗಳ ಹೆಸರು ಹೇಳಿದ ಮೇಲೆ ನೋವಿನ ಸಂಗತಿಯನ್ನೂ ಹೇಳಬೇಕು. ಫ್ಲೀಟನಿಂದ ಹಿಡಿದು ಇಲ್ಲಿಯ ವರೆಗಿನ ಈ ಬರವಣಿಗೆಯಲ್ಲಿ ಹೆಚ್ಚಿನದು ಇಂಗ್ಲಿಷಿನಲ್ಲಿದೆ. ಈಶ್ವರನ್, ಪಾಲಾಕ್ಷಪ್ಪ, ಶ್ರೀನಿವಾಸ, ಎಲ್ಲರೂ ಕನ್ನಡ ಬಲ್ಲವರೇ. ಪುಸ್ತಕದ ಭಾಷೆ ಇಂಗ್ಲಿಷ್. ಶಿವಾಪುರದ ಆಯಗಾರನ ಮೊಮ್ಮಗ ಇಂದು ಧಾರವಾಡದಲ್ಲಿ ಕಾಲೇಜು ಓದುತ್ತಿರಬಹುದು. ಅವನಿಗೆ ತನ್ನ ಊರಿನ ಮೇಲೆ ಲಂಡನ್ನಿನಲ್ಲಿ ಪುಸ್ತಕ ಅಚ್ಚಾಗಿದೆ ಎಂಬುದೇ ಗೊತ್ತಿರಲಾರದು, ಗೊತ್ತಾದರೂ ಕಟ್ಟಿದ ಹೆಸರಿನ ಹಿಂದೆ ತನ್ನ ಊರನ್ನು ಹುಡುಕಲಾರ. ಜಗಳ ಇರಬೇಕಾದ ಜಾಗ ಇದು. ಬರೆದವರು ಎಲ್ಲಿಯವರು ಎಂದು ಕೇಳುವಷ್ಟೇ ಗಟ್ಟಿಯಾಗಿ, ಬರೆದದ್ದು ಎಲ್ಲಿಗೆ ಹೋಯಿತು ಎಂದೂ ಕೇಳಬೇಕು. ಚಿಂತಕ ಗೋಪಾಲ ಗುರು 2002ರಲ್ಲಿ ಭಾರತದ ಸಮಾಜ ವಿಜ್ಞಾನದ ಬಗ್ಗೆ ಎತ್ತಿದ ಆಕ್ಷೇಪ ಇದಕ್ಕೆ ತೀರ ಹತ್ತಿರದ್ದು: ದಲಿತರು ಅನುಭವದ ಕಚ್ಚಾ ಸಾಮಗ್ರಿ ಒದಗಿಸಬೇಕು, ಸಿದ್ಧಾಂತ ಕಟ್ಟುವ ಕೆಲಸ ಮಾತ್ರ ಬೇರೆಯವರದು. ಬೆಳೆದವನಿಗೆ ಹತ್ತಿಯ ಕಸ, ಅರಳೆ ಇನ್ನೊಬ್ಬರಿಗೆ ಎಂಬ ಲೆಕ್ಕ.

ಬೇರೆ ರೀತಿ ಸಾಧ್ಯವಿಲ್ಲವೇ? ಮಂಡ್ಯದಲ್ಲಿ ಸಾಧ್ಯವಾಗಿದೆ. ವಿಯೆನ್ನಾದಲ್ಲಿ ಹುಟ್ಟಿ, ನಾಜಿಗಳಿಂದ ತಪ್ಪಿಸಿಕೊಂಡು ಇಂಗ್ಲೆಂಡ್ ಸೇರಿದ ಸ್ಕಾರ್ಲೆಟ್ ಎಪ್‌ಸ್ಟೈನ್ 1950ರ ದಶಕದಲ್ಲಿ ವಂಗಲ, ದಲೇನಗಳಿಗೆ ಬಂದರು. ಒಂದು ಊರಿಗೆ ಕಾಲುವೆಯ ನೀರು ಬಂದಿತ್ತು, ಇನ್ನೊಂದಕ್ಕೆ ಬಂದಿರಲಿಲ್ಲ. ಅದರ ಪರಿಣಾಮ ಬರೆದರು. 1970ರಲ್ಲಿ ಮತ್ತೆ ಬಂದರು. 1998ರಲ್ಲಿ ನಾಲ್ಕು ದಶಕಗಳ ಬದಲಾವಣೆಯ ಕತೆ ಪುಸ್ತಕವಾದಾಗ ಅದರ ಮುಖಪುಟದಲ್ಲಿ ಮೂರು ಹೆಸರುಗಳಿದ್ದವು: ಎಪ್‌ಸ್ಟೈನ್, ಎ.ಪಿ. ಸೂರ್ಯನಾರಾಯಣ, ಟಿ. ತಿಮ್ಮೇಗೌಡ. ಅವರಿಬ್ಬರೂ ಎಪ್‌ಸ್ಟೈನ್ ಅವರ ಜೊತೆ ಹಳ್ಳಿ ಸುತ್ತಿದ ಸಂಶೋಧನಾ ಸಹಾಯಕರು. ಮುನ್ನುಡಿಯ ಕೊನೆಯಲ್ಲಿ ಒಂದು ಸಾಲಿನ ಕೃತಜ್ಞತೆಗೆ ಮುಗಿದುಹೋಗುವ ಹೆಸರುಗಳು ಲೇಖಕರ ಸಾಲಿಗೆ ಬಂದವು.

ಹುಬ್ಬಳ್ಳಿ-ಧಾರವಾಡಕ್ಕೆ ಇದರಿಂದ ಕಲಿಯಲು ತಡವಾಗಿಲ್ಲ. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಈ ಸೀಮೆಯ ಹಳ್ಳಿಗಳ ಮೇಲೆ ಆದ ಪ್ರಬಂಧಗಳ ಸಾರವನ್ನು ಅರವತ್ತು-ಎಂಬತ್ತು ಪುಟದ ಕನ್ನಡ ಪುಸ್ತಿಕೆಗಳಾಗಿ ತರಬಹುದು. ಪ್ರಸಾರಾಂಗವಿದೆ, ಅನುವಾದ ಮಾಡಬಲ್ಲ ವಿದ್ಯಾರ್ಥಿಗಳಿದ್ದಾರೆ, 1890ರಿಂದ ಕನ್ನಡದ ಕೆಲಸ ಮಾಡುತ್ತ ಬಂದ ವಿದ್ಯಾವರ್ಧಕ ಸಂಘ ಎರಡು ಹೆಜ್ಜೆಯಲ್ಲಿದೆ. ಹೊಸದಾಗಿ ಕ್ಷೇತ್ರಕ್ಕೆ ಹೋಗುವ ವಿದ್ಯಾರ್ಥಿ ಪದವಿ ಪಡೆಯುವ ಮೊದಲು ತಾನು ಕಂಡದ್ದನ್ನು ಅದೇ ಊರಿನಲ್ಲಿ ಕನ್ನಡದಲ್ಲಿ ಓದಿ ಹೇಳಬೇಕು ಎಂಬ ನಿಯಮ ತರಬಹುದು. ಕುಲಶಾಸ್ತ್ರೀಯ ವರದಿಗಳನ್ನು ಆಯಾ ಸಮುದಾಯದ ಹೆಂಗಸರೂ ಓದಿ ಆಕ್ಷೇಪ ಹೇಳುವಂತೆ ಸರ್ಕಾರ ಬಯಲಿಗೆ ಇಡಬೇಕು. ಗುಟ್ಟಾಗಿಡಬೇಕಾದ ಮಾತು ಇದ್ದೇ ಇರುತ್ತದೆ, ಜೀವಕ್ಕೋ ಮಾನಕ್ಕೋ ಕುತ್ತು ತರುವ ಹೆಸರುಗಳನ್ನು ಮುಚ್ಚಲೇಬೇಕು. ಆದರೆ ಇಡೀ ಊರನ್ನೇ ಊರಿನಿಂದ ಮುಚ್ಚಿಡುವುದಕ್ಕೆ ಅದು ಕಾರಣವಾಗಬಾರದು.

ಗ್ರಾಮ ಪಂಚಾಯತಿಗಳ ಗ್ರಂಥಾಲಯಗಳಿಗೆ ಈಗ ಅರಿವು ಕೇಂದ್ರ ಎಂದು ಹೆಸರು. ಅಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳ ಸಾಲಿನಲ್ಲಿ ಆ ಊರಿನ ಮೇಲೆಯೇ ಬರೆದ ಒಂದು ತೆಳ್ಳನೆಯ ಪುಸ್ತಕ ಇರಲಿ. ಸಂಜೆ ಅದನ್ನು ಒಯ್ದು ಮೊಮ್ಮಗಳು ಅಜ್ಜಿಗೆ ಓದಿ ಹೇಳಲಿ. ಆಯದ ಅಧ್ಯಾಯ ಬಂದಾಗ ಅಜ್ಜಿ ನಡುವೆ ಬಾಯಿ ಹಾಕಿ, ‘ಅಲ್ಲ ಬಿಡವಾ, ಕುಂಬಾರರಿಗೆ ಕಣದಾಗಷ್ಟ ಕೊಡತಿದ್ದಿಲ್ಲ, ಹಬ್ಬಕ್ಕ ಬ್ಯಾರೆ ಕೊಡತಿದ್ರು. ಬರದಾಂವ ನಮ್ಮ ಓಣಿಗೆ ಬಂದ ಇಲ್ಲ,’ ಎನ್ನಲಿ. ಮೊಮ್ಮಗಳು ಪೆನ್ನು ತೆಗೆದು ಆ ಮಾತನ್ನು ಪುಟದ ಅಂಚಿನಲ್ಲಿ, ಅಜ್ಜಿಯ ಹೆಸರಿನ ಸಮೇತ, ಬರೆದುಕೊಳ್ಳಲಿ.